ಪರದೆಯಿಲ್ಲದ ಟ್ರಯಲ್ ರೂಮು

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬಿಟ್ಟ ಮೇಲೆ ಐವತ್ತೆರಡು ವರ್ಷ ಬಟ್ಟೆ ಹೊಲಿದೆ. ಅಷ್ಟೂ ವರ್ಷ ನಾನು ಬರೆದದ್ದೆಲ್ಲ ಎದೆ ಇಷ್ಟು, ಸೊಂಟ ಇಷ್ಟು, ತೋಳು ಇಷ್ಟು ಎಂಬ ಲೆಕ್ಕವೇ. ಹಾಗಿರುವಾಗ ಈ ವಯಸ್ಸಿನಲ್ಲಿ ನನಗೆ ಬರಹಗಾರನಾಗುವ ಯೋಚನೆ ಬಂತೆಂದರೆ ಅದು ನನ್ನ ತಪ್ಪಲ್ಲ. ಕ್ಷೌರದಂಗಡಿಯವನ ತಪ್ಪು.

ಅವನು ಕತ್ತರಿ ಆಡಿಸುತ್ತಿದ್ದ, ನಾನು ಹಳೆಯ ಕಾಲದ ಕಾಲರುಗಳ ವಿಷಯ ಹೇಳುತ್ತಿದ್ದೆ. ಯಾವ ವರ್ಷ ಕಾಲರು ಅಗಲವಾಯಿತು, ಯಾವ ವರ್ಷ ಕಿರಿದಾಯಿತು, ಆಗ ಯಾರ್ಯಾರು ಏನೇನು ಅಂದರು, ಎಲ್ಲ ನನಗೆ ನೆನಪಿದೆ. ಅವನು ಕತ್ತರಿ ನಿಲ್ಲಿಸಿ ಕನ್ನಡಿಯಲ್ಲೇ ನನ್ನನ್ನು ನೋಡಿದ.

"ತಲೆ ಮೇಲಂತೂ ಏನೂ ಉಳಿದಿಲ್ಲ ಯಜಮಾನ್ರೆ. ಒಳಗಿರೋದನ್ನಾದ್ರೂ ಬರೆದಿಡಿ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಬರೀರಿ, ಯಾರು ಬೇಡ ಅಂದ್ರು? ಮೊದ್ಲು ಆ ದಿಂಬಿನ ಕವರು ಹೊಲ್ದು ಕೊಡಿ. ಕೇಳಿ ಒಂದೂವರೆ ವರ್ಷ ಆಯ್ತು" ಅಂದಳು. ಇದನ್ನು ನಾನು ಒಪ್ಪಿಗೆ ಎಂದೇ ತಿಳಿದು ಬರೆಯಲು ಕುಳಿತೆ. ಮೂರು ತಿಂಗಳಲ್ಲಿ ಎರಡು ನೋಟ್‌ಬುಕ್ಕು ತುಂಬಿದವು.

ಬರೆದದ್ದನ್ನು ನಾಲ್ಕು ಜನ ಓದಬೇಕಲ್ಲ. ಅದಕ್ಕೆ ಬ್ಲಾಗು ಮಾಡಬೇಕು ಎಂದವರು ನಮ್ಮ ಅಳಿಯಂದಿರು. ಅವರು ಫ್ರಿಜ್ ಮಾರುವ ಅಂಗಡಿಯಲ್ಲಿ ಮ್ಯಾನೇಜರು. ಕೋಷ್ಟಕ ಹಾಕದೆ ಯಾವ ವಿಷಯದ ಮೇಲೂ ಅಭಿಪ್ರಾಯ ಕೊಡುವವರಲ್ಲ. ಮದುವೆಗೆ ಮುಂಚೆ ಅವರು ಸರಿಮಾಡಲು ಕೊಟ್ಟಿದ್ದ ಕೋಟಿನ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತ್ತು. ಅದರಲ್ಲಿ ನಾಲ್ಕು ಹುಡುಗಿಯರ ಹೆಸರು, ಎದುರಿಗೆ ಗುಣ, ದೋಷ, ಒಟ್ಟು ಅಂಕ. ನನ್ನ ಮಗಳು ಎರಡನೆಯ ಸಾಲಿನಲ್ಲಿದ್ದಳು. ನಾನು ಚೀಟಿಗೆ ಇಸ್ತ್ರಿ ಮಾಡಿ ಮತ್ತೆ ಜೇಬಿಗೇ ಇಟ್ಟೆ. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಬ್ಲಾಗು ಅಂದರೆ ನಮ್ಮ ನೋಟ್‌ಬುಕ್ಕನ್ನು ಇಂಟರ್ನೆಟ್ಟಿನಲ್ಲಿ ಇಡುವುದು. ಇಡಲು ಜಾಗ ಕೊಡುವ ಕಂಪನಿಗಳು ಬೇಕಾದಷ್ಟಿವೆ. ಆ ಜಾಗಕ್ಕೆ ಪ್ಲಾಟ್‌ಫಾರಂ ಅನ್ನುತ್ತಾರೆ. ಅಳಿಯಂದಿರು ಐದನ್ನು ಆರಿಸಿ ಕೋಷ್ಟಕ ಮಾಡಿಕೊಂಡು ಅಂಗಡಿಗೇ ಬಂದರು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಸಿದರು.

"ಮೊದಲನೇದು ಪುಕ್ಕಟೆ ಮಾವ. ಆದ್ರೆ ನಿಮ್ಮ ಹೆಸರಿನ ಹಿಂದೆ ಅವರ ಕಂಪನಿ ಹೆಸರು ಇರುತ್ತೆ."

"ಸಿಮೆಂಟ್ ಕಂಪನಿಯೋರು ಹಂಚೋ ಬನೀನು ಇದ್ದ ಹಾಗೆ."

"ಎರಡನೇದರಲ್ಲಿ ಎಂಟುನೂರು ಡಿಸೈನು. ನಿಮಗೆ ಬೇಕಾದ್ದು ಆರಿಸ್ಕೊಳ್ಳಬಹುದು."

"ಯಾರೋ ಮೊದ್ಲೇ ಹೊಲಿದಿಟ್ಟಿರ್ತಾರೆ?"

"ಹೌದು ಮಾವ. ಒಂಥರಾ ರೆಡಿಮೇಡು."

ನಾನು ಕತ್ತರಿ ಕೆಳಗಿಟ್ಟೆ. ಅಳಿಯಂದಿರಿಗೂ ತಾವೇನು ಅಂದೆವೆಂಬುದು ತಕ್ಷಣ ಹೊಳೆಯಿತು. ಆ ಪದವನ್ನು ನಮ್ಮ ಅಂಗಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವರು ಬೇಗ ಬೇಗ ಮುಂದಿನ ಸಾಲಿಗೆ ಹೋದರು. ಮೂರನೆಯದರಲ್ಲಿ ಅಲಂಕಾರವೇ ಇಲ್ಲ, ಬಿಳಿ ಹಾಳೆ, ಕರಿ ಅಕ್ಷರ, ಅಷ್ಟೆ. ನಾಲ್ಕನೆಯದರಲ್ಲಿ ಬರೆದದ್ದು ಕಾಗದದ ಹಾಗೆ ನೇರವಾಗಿ ಜನರ ಫೋನಿಗೇ ಹೋಗಿ ಬೀಳುತ್ತದೆ. ಐದನೆಯದರಲ್ಲಿ ಎಲ್ಲವನ್ನೂ ನಾವೇ ಕಟ್ಟಿಕೊಳ್ಳಬೇಕು.

"ಅಳಿಯಂದ್ರೆ, ಒಂದು ಕೇಳ್ತೀನಿ, ತಪ್ಪು ತಿಳೀಬೇಡಿ. ಹೊಲಿಗೆ ಒಳಗೆ ಎಷ್ಟು ಬಟ್ಟೆ ಬಿಟ್ಟಿರ್ತಾರೆ?"

"ಅಂದ್ರೆ?"

"ನಾಳೆ ಮೈ ಬಂದ್ರೆ ಬಿಚ್ಚಿ ದೊಡ್ಡದು ಮಾಡೋಕೆ ಆಗುತ್ತಾ ಅಂತ. ಇವತ್ತು ಎರಡು ನೋಟ್‌ಬುಕ್ಕು, ನಾಳೆ ಹತ್ತಾಗಬಹುದು. ಆಮೇಲೆ ಬೇಡ ಅನ್ನಿಸ್ತು ಅಂತಿಟ್ಕೊಳ್ಳಿ. ಬಟ್ಟೆ ಹರೀದ ಹಾಗೆ ಬಿಚ್ಕೊಂಡು ಬೇರೆ ಕಡೆ ಹೋಗಬಹುದಾ?"

ಅಳಿಯಂದಿರು ಪೆನ್ನು ತೆಗೆದು ಕೋಷ್ಟಕಕ್ಕೆ ಎರಡು ಹೊಸ ಗೆರೆ ಎಳೆದರು. "ಹತ್ತು ವರ್ಷದಿಂದ ಫ್ರಿಜ್ ಮಾರ್ತಿದ್ದೀನಿ ಮಾವ. ಇಂಥ ಪ್ರಶ್ನೆ ಯಾರೂ ಕೇಳಿಲ್ಲ" ಅಂದರು. ಅದು ಹೊಗಳಿಕೆಯೋ ಅಲ್ಲವೋ ಎಂದು ತಿಳಿಯಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡೆ.

ಕೊನೆಗೆ, ಬಟ್ಟೆ ಮೈಮೇಲೆ ಬೀಳದೆ ಗೊತ್ತಾಗುವುದಿಲ್ಲ, ಐದರಲ್ಲೂ ಒಂದೊಂದು ಟ್ರಯಲ್ ನೋಡಿಬಿಡೋಣ ಎಂದು ತೀರ್ಮಾನವಾಯಿತು. ಅಳಿಯಂದಿರು ಅಂಗಡಿಯ ಫೋನಿನಲ್ಲೇ ಐದೂ ಕಡೆ ಬಾಗಿಲು ತೆಗೆದುಕೊಟ್ಟರು. ನಾಲ್ಕನೆಯದು ನಡುವೆ, "ನಿಮ್ಮ ಫೋನಿನಲ್ಲಿರುವ ಪರಿಚಯಸ್ಥರನ್ನು ಓದುಗರಾಗಿ ಸೇರಿಸಲೇ?" ಎಂದು ಕೇಳಿತು. ಪುಕ್ಕಟೆ ಸಿಗುವ ಯಾವುದನ್ನೂ ಬೇಡ ಎನ್ನುವ ಅಭ್ಯಾಸ ಅಳಿಯಂದಿರಿಗಿಲ್ಲ. ಹೌದು ಎಂದು ಒತ್ತಿದರು. ಆ ಫೋನಿನಲ್ಲಿ ನನ್ನ ಮುನ್ನೂರ ಹನ್ನೆರಡು ಗಿರಾಕಿಗಳಿದ್ದರು.

ಅಳಿಯಂದಿರು ಹೋದ ಮೇಲೆ ನಾನು ಸ್ಟೂಲಿನ ಮೇಲೆ ಕುಳಿತೆ. ಎದುರಿಗೆ ಮರದ ಬೊಂಬೆಯ ಮೇಲೆ ರಿಜಿಸ್ಟ್ರಾರ್ ಸಾಹೇಬರ ಬೂದು ಕೋಟು ಕಚ್ಚಾ ಹೊಲಿಗೆಯಲ್ಲಿ ನಿಂತಿತ್ತು.

ಈ ಸಾಹೇಬರ ವಿಷಯ ಇಲ್ಲಿ ಹೇಳಬೇಕು. ನೋಂದಣಿ ಕಚೇರಿಯಲ್ಲಿ ಮೂವತ್ತೈದು ವರ್ಷ ಇದ್ದು ನಿವೃತ್ತರಾದವರು. ನಮ್ಮ ಬೀದಿಯಲ್ಲಿ ಅವರಷ್ಟು ನೆಟ್ಟಗೆ ನಡೆಯುವವರು ಬೇರೆ ಇಲ್ಲ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಮೇಸ್ತ್ರಿ ದಾರ ಇಳಿಬಿಡುವುದು ಯಾಕೆ, ಸಾಹೇಬರನ್ನು ಪಕ್ಕದಲ್ಲಿ ನಿಲ್ಲಿಸಿದರೆ ಸಾಕಲ್ಲ ಎಂದು ಜನ ಆಡಿಕೊಳ್ಳುವುದಿತ್ತು. ಅವರ ಎಡ ಭುಜ ಬಲ ಭುಜಕ್ಕಿಂತ ಒಂದಿಂಚು ಕೆಳಗಿದೆ. ಹುಟ್ಟಿನಿಂದಲೇ ಹಾಗೆ. ನಲವತ್ತು ವರ್ಷದ ಹಿಂದೆ ಮೊದಲ ಸಲ ಅಳತೆ ಕೊಡಲು ಬಂದಾಗ ಅವರು ಅಂಗಡಿಯ ಬಾಗಿಲು ಹಾಕಿಸಿ, ತಗ್ಗಿದ ದನಿಯಲ್ಲಿ, "ಟೈಲರ್ರೇ, ಇದು ನಿಮಗೆ, ನನಗೆ, ನಿಮ್ಮ ಟೇಪಿಗೆ ಮಾತ್ರ ಗೊತ್ತಿರಲಿ" ಅಂದಿದ್ದರು. ಅಂದಿನಿಂದ ಅವರ ಪ್ರತಿ ಕೋಟಿನ, ಪ್ರತಿ ಅಂಗಿಯ ಎಡ ಭುಜದೊಳಗೆ ನಾನು ಒಂದಿಂಚು ಹತ್ತಿ ಇಡುತ್ತ ಬಂದಿದ್ದೇನೆ. ಆ ಹತ್ತಿಯಿಂದಲೇ ನಾವಿಬ್ಬರೂ ಸ್ನೇಹಿತರಾದೆವು. ಬೇರೆ ಯಾರ ಮನೆಗೂ ಹೋಗದ ಸಾಹೇಬರು ಪ್ರತಿ ಗುರುವಾರ ಹನ್ನೊಂದಕ್ಕೆ ಅಂಗಡಿಗೆ ಬಂದು ಅರ್ಧ ಗಂಟೆ ಕುಳಿತು ಹೋಗುತ್ತಾರೆ. ಮಾತು ಜಾಸ್ತಿ ಇಲ್ಲ. ಅವರು ಪೇಪರು ಓದುತ್ತಾರೆ, ನಾನು ಗುಂಡಿ ಹಾಕುತ್ತೇನೆ.

ಬರುವ ಭಾನುವಾರ ಅವರು ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷರಾಗುವವರಿದ್ದರು. ಕೋಟು ಅದಕ್ಕೇ. ಗುರುವಾರ ಟ್ರಯಲ್. ನಾನು ಫೋನು ಹಿಡಿದು ಕುಳಿತದ್ದು ಬುಧವಾರ.

ಈಗ ಕಸುಬಿನ ಮಾತು. ಒಳ್ಳೆಯ ಬಟ್ಟೆಗೆ ಯಾವ ದರ್ಜಿಯೂ ಮೊದಲೇ ಕತ್ತರಿ ಹಾಕುವುದಿಲ್ಲ. ಮೊದಲು ಹಳೆಯ ಬಟ್ಟೆಯಲ್ಲೋ ರದ್ದಿ ಕಾಗದದಲ್ಲೋ ಕತ್ತರಿಸಿ ನೋಡುತ್ತಾನೆ. ನನ್ನ ಎರಡು ನೋಟ್‌ಬುಕ್ಕು ಒಳ್ಳೆಯ ಬಟ್ಟೆ. ಅದನ್ನು ಟ್ರಯಲ್ಲಿಗೆ ಹಾಳುಮಾಡಲು ನನಗೆ ಮನಸ್ಸಾಗಲಿಲ್ಲ. ರದ್ದಿಗೆ ಏನಿದೆ ಎಂದು ಸುತ್ತ ನೋಡಿದೆ. ಅಳತೆ ಪುಸ್ತಕ ಕೈಗೆ ಸಿಕ್ಕಿತು.

ಅಳತೆ ಪುಸ್ತಕದಲ್ಲಿ ಅಂಕಿಗಳ ಪಕ್ಕದಲ್ಲಿ ಷರಾ ಎಂದು ಒಂದು ಜಾಗವಿದೆ. ಅಲ್ಲಿ ನನ್ನ ನೆನಪಿಗೆ ಒಂದೊಂದು ಮಾತು ಬರೆದುಕೊಂಡಿರುತ್ತೇನೆ. ಹನ್ನೊಂದು ಜನರದ್ದನ್ನು ಒಂದೇ ಬೆರಳಿನಿಂದ ಒತ್ತಿದೆ.

ಬೇಕರಿ: ಸೊಂಟ 34. ಉಸಿರು ಬಿಟ್ಟರೆ 38. 38ಕ್ಕೇ ಹೊಲಿ.

ಡ್ರಿಲ್ ಮೇಷ್ಟ್ರು: ಎದೆ 42. ಉಬ್ಬಿಸುತ್ತಾರೆ. ಮಾತಿಗೆಳೆದು, ಮರೆತಾಗ ಅಳೆದರೆ 37.

ಹಲ್ಲಿನ ಡಾಕ್ಟರು: ಎಡ ಅಸ್ತರಿನೊಳಗೆ ಗುಟ್ಟಿನ ಜೇಬು. ಮನೆಯವರಿಗೆ ಕಾಣಬಾರದು.

ರಿಜಿಸ್ಟ್ರಾರ್ ಸಾಹೇಬರು: ಎಡ ಭುಜ 1 ಇಂಚು ಕೆಳಗೆ. ಹತ್ತಿ. ಯಾರಿಗೂ ಹೇಳಬಾರದು.

ಹೀಗೇ ಉಳಿದ ಏಳು. ಒಂದು ಕಡೆ ಬರೆದದ್ದನ್ನೇ ಎತ್ತಿ ಇನ್ನೊಂದು ಕಡೆ ಅಂಟಿಸಬಹುದು ಎಂದು ಅಳಿಯಂದಿರು ತೋರಿಸಿಕೊಟ್ಟಿದ್ದರು. ನನಗೆ ಅದು ಸರಿ ಕಾಣಲಿಲ್ಲ. ಐದು ಅಂಗಿಗೆ ಐದು ಸಲ ಹೊಲಿಯಬೇಕು. ಐದೂ ಕಡೆ ಹೊಸದಾಗಿ ಒತ್ತಿ, ಪ್ರತಿ ಸಲ ಕೊನೆಯಲ್ಲಿ ಬಣ್ಣದ ಗುಂಡಿ ಒತ್ತಿದೆ. ಒತ್ತಿದರೆ ಹೇಗೆ ಕಾಣುತ್ತದೆ ಎಂದು ನನಗೆ ತೋರಿಸುತ್ತದೆ ಎಂದಿದ್ದೆ. ತೋರಿಸಿತು. ಟ್ರಯಲ್ ರೂಮು ಅಂದ ಮೇಲೆ ಪರದೆ ಇದ್ದೇ ಇರುತ್ತದೆ ಎಂದು ಯಾರಾದರೂ ಭಾವಿಸುತ್ತಾರೆ. ಇಂಟರ್ನೆಟ್ಟಿನವರು ಪರದೆ ಹಾಕಿಸಿಲ್ಲ.

ಗುರುವಾರ ಬೆಳಿಗ್ಗೆ ಷಟರ್ ಎತ್ತುವಾಗ ಬೇಕರಿಯವನು ಬಾಗಿಲಲ್ಲೇ ನಿಂತಿದ್ದ. ನಮಸ್ಕಾರವಿಲ್ಲ, ಏನಿಲ್ಲ.

"ಅಳೀರಿ."

"ಏನು?"

"ಸೊಂಟ. ಉಸಿರು ಬಿಟ್ಟಿದ್ದೀನಿ. ಎಲ್ಲರ ಎದುರಿಗೆ ಅಳೀರಿ."

ಎಲ್ಲರು ಎಂದು ಅವನು ಕರೆದದ್ದು ಅವನ ಹಿಂದೆ ನಿಂತಿದ್ದ ಇಬ್ಬರು ಗಿರಾಕಿಗಳನ್ನು. ಅವರ ಕೈಯಲ್ಲಿ ಬ್ರೆಡ್ಡಿತ್ತು. ಅಳೆದೆ. ನಲವತ್ತೊಂದು. ಟೇಪು ಬೇಗ ಸುತ್ತಲು ಹೋದೆ. ಆದರೆ ಬ್ರೆಡ್ಡಿನವರಿಬ್ಬರೂ ಬಗ್ಗಿ ಟೇಪು ಓದಿಕೊಂಡರು.

"ಆ ಪುಸ್ತಕದ್ದು ಹಳೇ ಅಳತೆ" ಎಂದು ಸಮಾಧಾನ ಹೇಳಿದೆ.

"ಹೊಸದನ್ನೂ ಹಾಕ್ಬಿಡಿ, ಅದೊಂದು ಬಾಕಿ!" ಎಂದು ಹೊರಟುಹೋದ.

ಅವನು ಇಳಿಯುವ ಮೆಟ್ಟಿಲನ್ನೇ ಡ್ರಿಲ್ ಮೇಷ್ಟ್ರು ಹತ್ತಿ ಬಂದರು. ಎದೆ ನಲವತ್ತೆರಡರಲ್ಲಿತ್ತು.

"ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಎದೆ ಸೆಟೆಸಿ ನಿಲ್ಲೋದು ಕಲಿಸಿದ್ದೀನಿ ಕಣ್ರೀ. ಇವತ್ತು ಮೈದಾನಕ್ಕೆ ಹೋಗಿ ಒಂದು, ಎರಡು ಅಂತ ಎಣಿಸಿ ಅಂದ್ರೆ ಇಡೀ ಸಾಲು ಒಟ್ಟಿಗೆ ಮೂವತ್ತೇಳು ಅಂತ ಕೂಗುತ್ತೆ! ಯಾರಿಗೆ ಹೇಳ್ಲಿ?"

"ಕೂತ್ಕೊಳ್ಳಿ ಮೇಷ್ಟ್ರೇ."

"ಕೂತ್ರೆ ಇಳಿಯುತ್ತೆ!" ಎಂದವರು ನಿಂತೇ ಇದ್ದು, ಉಸಿರು ಹಿಡಿದಷ್ಟು ಹೊತ್ತು ಬೈದು, ಬಿಡುವ ಹೊತ್ತಾದಾಗ ಹೊರಗೆ ಹೋದರು.

ಆಮೇಲೆ ಹಲ್ಲಿನ ಡಾಕ್ಟರ ಹೆಂಡತಿ ಬಂದರು. ಅವರು ಕೂಗಾಡಲಿಲ್ಲ. ಗಂಡನ ಕೋಟನ್ನು ಮೇಜಿನ ಮೇಲೆ ಹರಡಿ, "ಇದಕ್ಕೆ ಎಷ್ಟು ಜೇಬು?" ಎಂದು ಕೇಳಿದರು.

"ಮೂರಮ್ಮಾ."

"ನಾಲ್ಕು. ನಿನ್ನೆ ತನಕ ನಾನೂ ಮೂರು ಅಂತಲೇ ಅಂದ್ಕೊಂಡಿದ್ದೆ." ಅಸ್ತರಿನೊಳಗೆ ಕೈಹಾಕಿ ಒಂದೊಂದಾಗಿ ಮೇಜಿನ ಮೇಲಿಟ್ಟರು. ಆರು ಚಾಕಲೇಟು. ಹಲ್ಲಿಗೆ ಮೆತ್ತಿಕೊಳ್ಳುವ ಜಾತಿಯವು. "ಮನೇಲಿ ಸಕ್ಕರೆ ಡಬ್ಬಕ್ಕೆ ಬೀಗ ಹಾಕಿಸಿರೋ ಮಹಾನುಭಾವರು ಇವರು. ಇಡೀ ಬೀದಿ ಮಕ್ಕಳ ಕೈಯಿಂದ ಮಿಠಾಯಿ ಕಿತ್ಕೊಂಡಿದ್ದಾರೆ. ಕಿತ್ಕೊಂಡಿದ್ದೆಲ್ಲ ಎಲ್ಲಿ ಹೋಗ್ತಿತ್ತು ಅಂತ ಈಗ ಗೊತ್ತಾಯ್ತು. ನಿಮ್ಮಿಂದ ಉಪಕಾರ ಆಯ್ತು" ಎಂದು ಕೈ ಮುಗಿದು, ಚಾಕಲೇಟು ನನಗೇ ಬಿಟ್ಟು ಹೋದರು. ಬೈದವರಿಗಿಂತ ಈ ಕೈ ಮುಗಿದವರೇ ನನ್ನನ್ನು ಹೆಚ್ಚು ಹೆದರಿಸಿದ್ದು.

ಎಲ್ಲಕ್ಕಿಂತ ಕಷ್ಟವಾದದ್ದು ಲೈಬ್ರರಿಯಮ್ಮನನ್ನು ಸಮಾಧಾನ ಮಾಡುವುದು. ಅವರ ಹೆಸರು ಆ ಹನ್ನೊಂದರಲ್ಲಿ ಇರಲೇ ಇಲ್ಲ.

"ಇಪ್ಪತ್ತು ವರ್ಷದಿಂದ ನಿಮ್ಮ ಹತ್ರಾನೇ ಹೊಲಿಸ್ತಿದ್ದೀನಿ. ನನ್ನ ಬಗ್ಗೆ ಒಂದು ಸಾಲೂ ಇಲ್ವಾ?"

"ನಿಮ್ಮ ಅಳತೆ ಯಾವಾಗ್ಲೂ ಸರಿಯಾಗೇ ಇತ್ತಮ್ಮಾ. ಬರೆಯೋಕೆ ಏನೂ ಇರ್ಲಿಲ್ಲ."

"ಹಾಗಾದ್ರೆ ಸರಿಯಾಗಿರೋರ ಬಗ್ಗೆ ಯಾರೂ ಬರೆಯೋದೇ ಇಲ್ಲ ಅನ್ನಿ" ಎಂದು ಕಣ್ಣೊರೆಸಿಕೊಂಡರು. ನಾನು ಎರಡು ಚಾಕಲೇಟು ಕೊಟ್ಟೆ.

ಹನ್ನೊಂದು ಗಂಟೆ ಹೊಡೆಯಿತು. ಸಾಹೇಬರ ಕುರ್ಚಿ ಒರೆಸಿಟ್ಟಿದ್ದೆ. ಹನ್ನೊಂದೂವರೆಯಾಯಿತು. ನಲವತ್ತು ವರ್ಷದಲ್ಲಿ ಸಾಹೇಬರು ಗುರುವಾರ ತಪ್ಪಿಸಿದ್ದು ಅದೇ ಮೊದಲು. ಬೊಂಬೆಯ ಮೇಲಿನ ಕೋಟಿಗೆ ಎರಡೂ ಭುಜ ಸಮನಾಗಿತ್ತು. ಅದನ್ನು ನೋಡುತ್ತ ಕೂತಿರಲು ನನ್ನಿಂದ ಆಗಲಿಲ್ಲ, ಗೋಡೆ ಕಡೆ ತಿರುಗಿಸಿಟ್ಟೆ.

ಅಳಿಯಂದಿರನ್ನು ಕರೆಸಿದೆ. ಅವರು ನಾಲ್ಕು ಕಡೆ ಅಳಿಸಿದರು. ನಾಲ್ಕನೆಯದರ ಮುಂದೆ ಕುಳಿತು ತಲೆ ಕೆರೆದುಕೊಂಡರು.

"ಹೋದ ಕಾಗದ ಹೋದ ಹಾಗೇ ಮಾವ. ವಾಪಸ್ ಬರಲ್ಲ. ಆದ್ರೆ ಇಲ್ಲಿ ನೋಡಿ! ಮುನ್ನೂರ ಹನ್ನೆರಡರಲ್ಲಿ ಇನ್ನೂರ ಎಂಬತ್ತೇಳು ಜನ ತೆರೆದಿದ್ದಾರೆ. ನಮ್ಮ ಫ್ರಿಜ್ ಜಾಹೀರಾತನ್ನ ನೂರಕ್ಕೆ ಮೂರು ಜನ ತೆರೆದ್ರೆ ನಾವು ಸಿಹಿ ಹಂಚ್ತೀವಿ."

"ಅಳಿಯಂದ್ರೆ, ನನ್ನ ಸ್ನೇಹಿತರು ಬಂದಿಲ್ಲ."

"ಬರ್ತಾರೆ ಬಿಡಿ ಮಾವ. ಅವರೂ ತೆರೆದಿದ್ದಾರೆ. ಒಂಬತ್ತು ಸಲ."

ಶುಕ್ರವಾರ ನಾನೇ ಸಾಹೇಬರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲು ತೆಗೆದರು. ಒಳಗಿನ ಕೋಣೆಯಿಂದ ಸಾಹೇಬರ ದನಿ ಸ್ಪಷ್ಟವಾಗಿ ಕೇಳಿತು: "ನಾನು ಮನೇಲಿಲ್ಲ ಅಂತ ಹೇಳು."

"ಮನೇಲಿಲ್ಲವಂತೆ" ಎಂದರು ಆಕೆ. ಆಮೇಲೆ ಹೊಸಿಲು ದಾಟಿ ಹೊರಗೆ ಬಂದು ಬಾಗಿಲು ಎಳೆದುಕೊಂಡರು. "ನಿನ್ನೆಯಿಂದ ಕನ್ನಡಿ ಮುಂದೆ ನಿಂತಿದ್ದಾರೆ. ಊಟಕ್ಕೂ ಕರೆದು ಕರೆದು ಸಾಕಾಯ್ತು."

"ತಪ್ಪಾಯ್ತಮ್ಮಾ. ಯಾರಿಗೂ ಗೊತ್ತಿಲ್ಲದ ವಿಷಯ..."

"ನನಗೆ ಮದುವೆಯಾದ ವಾರದಲ್ಲೇ ಗೊತ್ತಿತ್ತು. ಒಂದೇ ಮನೇಲಿ ಇರೋರಿಗೆ ಭುಜ ಕಾಣಲ್ವಾ? ನನಗೆ ಗೊತ್ತು ಅಂತ ಅವರಿಗೆ ಗೊತ್ತಿಲ್ಲ, ಅಷ್ಟೆ. ನೀವು ಅದನ್ನೂ ಹೇಳೋಕೆ ಹೋಗ್ಬೇಡಿ. ಈ ವಾರಕ್ಕೆ ನೀವು ಹೇಳಿದ್ದು ಸಾಕು."

ಶನಿವಾರ ಮಧ್ಯಾಹ್ನ ಸಾಹೇಬರು ಅಂಗಡಿಗೆ ಬಂದರು. ಕಂಕುಳಲ್ಲಿ ಫೈಲು. ಕುರ್ಚಿ ತೋರಿಸಿದೆ, ಕೂರಲಿಲ್ಲ. ಫೈಲು ಬಿಚ್ಚಿ ಐದು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಐದೂ ಕಡೆಯದನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ, ಅಳಿಸುವ ಮುಂಚೆಯೇ ಅಚ್ಚು ತೆಗೆಸಿಟ್ಟುಕೊಂಡಿದ್ದರು.

"ಟೈಲರ್ರೇ, ನಾಲ್ಕು ಪ್ರತಿಯಲ್ಲಿ ಒಂದು ಇಂಚು ಅಂತಿದೆ. ಎರಡನೇ ಪ್ರತಿಯಲ್ಲಿ ಹನ್ನೊಂದು ಇಂಚು ಅಂತಿದೆ. ಯಾವುದು ಸರಿ?"

ನೋಡಿದೆ. ಆ ರೆಡಿಮೇಡಿನಲ್ಲಿ ನನ್ನ ಬೆರಳು ಒಂದನ್ನು ಎರಡು ಸಲ ಒತ್ತಿತ್ತು. ಹನ್ನೊಂದು ಇಂಚು ಕೆಳಗೆ ಅಂದರೆ ಭುಜ ಹೊಟ್ಟೆಯ ಹತ್ತಿರ ಬರುತ್ತದೆ.

"ಒಂದು ಸಾಹೇಬ್ರೆ. ಕೈತಪ್ಪು. ಈಗ ಅದನ್ನ ಅಳಿಸಿಯಾಗಿದೆ."

"ಅಳಿಸಿದ್ರಾ?" ಸಾಹೇಬರಿಗೆ ಆಗ ನಿಜವಾಗಿ ಸಿಟ್ಟು ಬಂತು. "ಯಾರ ಅನುಮತಿ ತಗೊಂಡು ಅಳಿಸಿದ್ರಿ? ಒಮ್ಮೆ ದಾಖಲಾದ ಮೇಲೆ ತಿದ್ದಬಹುದು, ತಿದ್ದಿ ತಾರೀಖು ಹಾಕಬಹುದು, ಅಳಿಸೋ ಹಾಗಿಲ್ಲ! ನನ್ನ ಕಚೇರಿಲಿ ಒಬ್ಬ ಗುಮಾಸ್ತ ಒಂದೇ ಒಂದು ಅಕ್ಷರ ಕೆರೆದಿದ್ದಕ್ಕೆ ನಾನು ಅವನ ಹತ್ರ ಆರು ತಿಂಗಳು ಮಾತಾಡ್ಲಿಲ್ಲ."

"ನಮ್ಮ ಹತ್ರ ಎಷ್ಟು ತಿಂಗಳು ಮಾತು ಬಿಡ್ತೀರಿ ಸಾಹೇಬ್ರೆ?"

ಅವರು ಬೊಂಬೆಯನ್ನು ಗೋಡೆಯಿಂದ ಈಚೆಗೆ ತಿರುಗಿಸಿ, ಕೋಟಿನ ಎಡ ಭುಜದ ಮೇಲೆ ಬೆರಳಿಟ್ಟು ಒತ್ತಿದರು. ಹತ್ತಿ ತಗ್ಗಿ ಮತ್ತೆ ಉಬ್ಬಿತು.

"ಇದನ್ನ ತೆಗೀರಿ."

"ಸಾಹೇಬ್ರೆ?"

"ಇನ್ನೂರ ಎಂಬತ್ತೇಳು ಜನ ಓದಿದ್ದಾರೆ ಅಂತ ನಿಮ್ಮ ಅಳಿಯಂದ್ರು ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದಾರೆ. ಒಂದು ಇಂಚು ಕೆಳಗೆ ಅಂತ ದಾಖಲೆ ಇದೆ. ನಾಳೆ ನಾನು ಸಮನಾಗಿ ಹೋಗಿ ನಿಂತ್ರೆ ಏನಂತಾರೆ? ದಾಖಲೆಲಿ ಒಂದು, ಮೈಮೇಲೆ ಒಂದು. ಮೂವತ್ತೈದು ವರ್ಷ ನಾನು ಅಂಥವನ್ನ ವಾಪಸ್ ಕಳಿಸಿದ್ದೀನಿ. ಇವತ್ತು ನಾನೇ ಅಂಥವನಾಗಲಾ? ತೆಗೀರಿ."

ನಾನು ಎಷ್ಟೋ ಬೇಡಿಕೊಂಡೆ. ಕೇಳಲಿಲ್ಲ. ಅವರ ಎದುರಿಗೇ ಹೊಲಿಗೆ ಬಿಚ್ಚಿ ಹತ್ತಿ ಹೊರಗೆ ತೆಗೆದೆ. ಕೋಟು ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡರು. ಎಡಗಡೆ ಇಡೀ ಕೋಟು ಜಾರಿ ನಿಂತಿತು. ಗುಂಡಿಗಳ ಸಾಲು ಓರೆಯಾಯಿತು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಆದರೆ ಅಷ್ಟು ವರ್ಷದಲ್ಲಿ ಮೊದಲ ಸಲ ಅವರು ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡರು.

ರಾತ್ರಿಯೆಲ್ಲ ಕುಳಿತು ಕೋಟಿನ ಉಳಿದ ಹೊಲಿಗೆ ಮುಗಿಸಿ ಕಳಿಸಿಕೊಟ್ಟೆ. ಭಾನುವಾರ ಸಂಘದ ಹಾಲಿನಲ್ಲಿ ಜನ ತುಂಬಿದ್ದರು. ನಾನು ಕೊನೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕುಳಿತೆ. ಅಳತೆ ಹೊರಬಿದ್ದವರೆಲ್ಲ ಬಂದಿದ್ದರು. ಸಾಹೇಬರು ವೇದಿಕೆ ಹತ್ತಿ ಮೈಕಿನ ಮುಂದೆ ನಿಂತರು. ಕೆಳಗಿದ್ದ ತಲೆಗಳೆಲ್ಲ ಒಂದೊಂದಾಗಿ ಎಡಕ್ಕೆ ಓರೆಯಾದವು, ಗೋಡೆಯ ಮೇಲೆ ಓರೆಯಾಗಿ ತೂಗುಹಾಕಿದ ಚಿತ್ರ ನೋಡುವಾಗ ಆಗುತ್ತವಲ್ಲ, ಹಾಗೆ. ನಾನು ಕಂಬದ ಮರೆಗೆ ಇನ್ನಷ್ಟು ಸರಿದೆ.

ಮುಂದಿನ ಸಾಲಿನಲ್ಲಿದ್ದ ಬೇಕರಿಯವನು ಹಿಂದಕ್ಕೆ ತಿರುಗಿದ.

"ಏನ್ರೀ ಟೈಲರ್ರೇ ಇದು! ಕೋಟು ಹೀಗೆ ಕೆಡಿಸಿಟ್ಟಿದ್ದೀರಲ್ಲ?"

ನನಗೆ ಅರ್ಥವಾಗಲಿಲ್ಲ. "ನೀವು ಓದಿದ್ರಲ್ಲ?" ಎಂದೆ.

"ಓದಿದೆ."

"ಪೂರ್ತಿ?"

"ಪೂರ್ತಿ ಯಾಕೆ ಓದ್ಲಿ? ನಂದು ಮೊದಲ್ನೇ ಸಾಲಲ್ಲೇ ಇತ್ತಲ್ಲ!"

ಅವನ ಪಕ್ಕದಲ್ಲಿದ್ದ ಡ್ರಿಲ್ ಮೇಷ್ಟ್ರನ್ನು ಕೇಳಿದೆ. "ನಂದನ್ನೇ ಮೂರು ದಿನದಿಂದ ಓದ್ತಾ ಇದ್ದೀನಿ. ಬೇರೆಯವರದ್ದು ಕಟ್ಕೊಂಡು ನನಗೇನಾಗಬೇಕು?" ಅಂದರು. ಲೈಬ್ರರಿಯಮ್ಮ ತಮ್ಮ ಹೆಸರು ಹುಡುಕಿ, ಇಲ್ಲವೆಂದು ಗೊತ್ತಾದ ಮೇಲೆ ಬೇರೆಯವರ ಹೆಸರುಗಳನ್ನು ನೋಡುವ ಮನಸ್ಸಾಗದೆ ಫೋನು ಮುಚ್ಚಿಟ್ಟಿದ್ದರಂತೆ. ಡಾಕ್ಟರ ಹೆಂಡತಿ ಜೇಬಿನ ಸಾಲು ಓದಿದೊಡನೆ ಕೋಟು ಹುಡುಕಲು ಎದ್ದವರು ಮತ್ತೆ ಕೂತಿರಲಿಲ್ಲ. ಇನ್ನೂರ ಎಂಬತ್ತೇಳು ಜನ ತೆರೆದಿದ್ದರು. ಸಾಹೇಬರ ಸಾಲನ್ನು ಓದಿದವರು ಸಾಹೇಬರು ಒಬ್ಬರೇ. ಒಂಬತ್ತು ಸಲ.

ಅಷ್ಟರಲ್ಲಿ ಹಾಲಿನಲ್ಲಿ ಗುಸುಗುಸು ಬೆಳೆಯಿತು. "ದರ್ಜಿಗೆ ಕಣ್ಣು ಹೋಯ್ತು ಕಣೋ." "ಪಾಪ, ಸಾಹೇಬ್ರಿಗೆ ಎಂಥ ದಿನ ಎಂಥ ಕೋಟು ಕೊಟ್ಟ." ವೇದಿಕೆಯ ಮೇಲೆ ಸಾಹೇಬರಿಗೆ ಆ ಮಾತುಗಳು ಕೇಳಿಸಿರಲಾರವು, ಓರೆಯಾದ ತಲೆಗಳು ಮಾತ್ರ ಕಂಡಿರಬೇಕು. ಅವರು ಕನ್ನಡಕ ಸರಿಮಾಡಿಕೊಂಡು ಮೈಕಿಗೆ ಹತ್ತಿರವಾದರು.

"ಭಾಷಣಕ್ಕೆ ಮುಂಚೆ ಒಂದು ವಿಷಯ ಸಭೆಯ ದಾಖಲೆಗೆ ತರಬೇಕು. ನನ್ನ ಎಡ..."

ನಾನು ಎದ್ದು ನಿಂತೆ. ಸಭೆಯಲ್ಲಿ ನಾನು ಯಾವತ್ತೂ ಎದ್ದವನಲ್ಲ. ಕುರ್ಚಿ ಹಿಂದಕ್ಕೆ ಬಿದ್ದ ಸದ್ದಿಗೆ ಎಲ್ಲರೂ ತಿರುಗಿದರು.

"ಸಾಹೇಬ್ರೆ, ಸಭೆಯೋರು ಕ್ಷಮಿಸಬೇಕು. ಕೋಟು ಕೆಡಿಸಿದ್ದು ನಾನು. ಎಡಗಡೆ ಅರ್ಧ ಕತ್ತರಿಸೋವಾಗ ಕೈ ನಡುಗಿತು. ವಯಸ್ಸಾಯ್ತು. ಅವರು ದೊಡ್ಡವರು, ನನ್ನ ಮುಖ ನೋಡಿ ಏನೂ ಅನ್ನದೆ ಹಾಕ್ಕೊಂಡು ಬಂದಿದ್ದಾರೆ. ನಾಳೆ ಸರಿಮಾಡಿ ಕೊಡ್ತೀನಿ."

ಹಾಲಿನಲ್ಲಿ "ಛೆ ಛೆ" ಎಂಬ ಸದ್ದು ಆ ಕೊನೆಯಿಂದ ಈ ಕೊನೆಗೆ ಹೋಯಿತು. ಯಾರೋ ಚಪ್ಪಾಳೆ ತಟ್ಟಿದರು. ನನಗಲ್ಲ, ಸಾಹೇಬರ ದೊಡ್ಡತನಕ್ಕೆ. ಸಾಹೇಬರು ನನ್ನನ್ನು ನೋಡಿದರು. ಮೈಕು ಗುಯ್ಯೆಂದಿತು. ಎಷ್ಟು ಹೊತ್ತು ನೋಡಿದರೆಂದರೆ, ಮುಂದೆ ಕುಳಿತಿದ್ದವರು ಕೆಮ್ಮಲು ಶುರುಮಾಡಿದರು.

"...ನನ್ನ ಎಡಭಾಗದಲ್ಲಿ ಕುಳಿತಿರುವ ಕಾರ್ಯದರ್ಶಿಗಳೇ, ಮಹನೀಯರೇ, ಮಹಿಳೆಯರೇ" ಎಂದು ಭಾಷಣ ಮುಂದುವರಿಸಿದರು.

ಬೇಕರಿಯವನು ಹಾಲಿನಿಂದ ನೇರವಾಗಿ ನನ್ನ ಅಂಗಡಿಗೆ ಬಂದು, ಪ್ಯಾಂಟಿಗೆಂದು ಕೊಟ್ಟಿದ್ದ ಬಟ್ಟೆಯನ್ನು ವಾಪಸು ತೆಗೆದುಕೊಂಡು ಹೋದ. ಇನ್ನಿಬ್ಬರು ಬೆಳಿಗ್ಗೆ ಬಂದು ತೆಗೆದುಕೊಂಡು ಹೋದರು. ಹೆಂಡತಿ ಎಲ್ಲವನ್ನೂ ನೋಡಿ, "ಇನ್ನೇನು, ಬರೆಯೋಕೆ ಬೇಕಾದಷ್ಟು ಹೊತ್ತು ಸಿಕ್ತಲ್ಲ" ಅಂದಳು.

ಸೋಮವಾರ ಅಳಿಯಂದಿರು ಮತ್ತೆ ಕೋಷ್ಟಕ ಹಿಡಿದು ಬಂದರು. ಅವರು ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವವರಲ್ಲ.

"ಕೊನೆಗೆ ಯಾವುದು ಅಂತ ಹೇಳಿಬಿಡಿ ಮಾವ. ಈಗ ಐದನ್ನೂ ಹಾಕಿ ನೋಡಿದ್ದೀರಿ."

"ಇದರಲ್ಲಿ ಯಾರೂ ಓದದೇ ಇರೋದು ಯಾವುದು ಅಳಿಯಂದ್ರೆ?"

ಅವರು ಕೋಷ್ಟಕವನ್ನು ಪೂರ್ತಿ ನೋಡಿ, ಬಹಳ ಯೋಚಿಸಿ ಹೇಳಿದರು. "ನಿಜ 
ಹೇಳ್ಬೇಕು ಅಂದ್ರೆ ಎಲ್ಲವೂ ಮಾವ. ಆ ನಾಲ್ಕನೇದು ಒಂದು ಬಿಟ್ಟು."

"ಹಾಗಾದ್ರೆ ನಾಲ್ಕನೇದೇ ಇರ್ಲಿ. ಹೇಳೋದು ಒಂದು ಮಾತಿದೆ, ಸಭೆಗೆ ಬರದೇ ಇದ್ದೋರಿಗೂ ತಲುಪಬೇಕು."

ಮೊಳೆಗೆ ತೂಗುಹಾಕಿದ್ದ ಎರಡು ನೋಟ್‌ಬುಕ್ಕನ್ನು ನಾನು ಮುಟ್ಟಲಿಲ್ಲ. ಫೋನು ತೆಗೆದುಕೊಂಡು ಒಂದೇ ಬೆರಳಿನಿಂದ ಮೂರು ಸಾಲು ಒತ್ತಿದೆ. ಈ ಸಲ ಒಂದೊಂದು ಅಕ್ಷರವನ್ನೂ ಎರಡು ಸಲ ನೋಡಿ ಒತ್ತಿದೆ. ಬಣ್ಣದ ಗುಂಡಿಯ ಹತ್ತಿರ ಬೆರಳು ಬಂದಿತ್ತು. ಆಗ ಮೆಟ್ಟಿಲ ಮೇಲೆ ಸಾಹೇಬರು ಕಾಣಿಸಿಕೊಂಡರು. ಅವತ್ತು ಗುರುವಾರವಲ್ಲ. ಕೋಟು ಮಡಿಸಿ ತೋಳಿನ ಮೇಲೆ ಹಾಕಿಕೊಂಡಿದ್ದರು. ಮಾತಿಲ್ಲದೆ ಅದನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕುಳಿತರು. ನಾನು ಫೋನನ್ನು ಅವರ ಕೈಗೆ ಕೊಟ್ಟೆ.

"ನಿನ್ನೆ ಸಭೆಯಲ್ಲಿ ಸಾಹೇಬರ ಕೋಟು ಎಡಕ್ಕೆ ಜಾರಿತ್ತು. ದೋಷ ಹೊಲಿದವನದು. ಸಾಹೇಬರ ಎರಡೂ ಭುಜ ಸಮನಾಗಿವೆ."

ಸಾಹೇಬರು ಕನ್ನಡಕ ಹಾಕಿಕೊಂಡು ಓದಿದರು. ಮತ್ತೆ ಮೊದಲಿನಿಂದ ಓದಿದರು. ಅಳಿಯಂದಿರು ಕೋಷ್ಟಕ ಮಡಿಸುವುದನ್ನು ನಿಲ್ಲಿಸಿದರು.

"ಮೂರನೇ ಸಾಲು ನಿಜ ಅಲ್ಲ" ಎಂದರು ಸಾಹೇಬರು.

"ಗೊತ್ತು ಸಾಹೇಬ್ರೆ."

"ಎರಡನೇದೂ ಅಲ್ಲ."

"ಅದೂ ಗೊತ್ತು."

ಮೂವತ್ತೈದು ವರ್ಷದಲ್ಲಿ ಒಂದು ಸುಳ್ಳು ಕಾಗದವನ್ನೂ ಮುಂದಕ್ಕೆ ಬಿಡದ ಮನುಷ್ಯರು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಬೀದಿಯ ಕಡೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ಫೋನನ್ನು ನನ್ನ ಕಡೆ ಚಾಚಿದರು.

"ತಾರೀಖು ಹಾಕಿಲ್ಲ. ಹಾಕಿ. ಅದರ ಕೆಳಗೆ ಸಾಕ್ಷಿ ಅಂತ ಬರೆದು ನನ್ನ ಹೆಸರು ಸೇರಿಸಿ."